ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ

ನಾಲ್ವಡಿ ಕೃಷ್ಣರಾಜ ಒಡೆಯರ್ (ಜೂನ್ 4, 1884 – ಆಗಸ್ಟ್ 3, 1940) ಮೈಸೂರು ಸಂಸ್ಥಾನದ ಅರಸರಾಗಿದ್ದರು. ಕನ್ನಂಬಾಡಿ ಕಟ್ಟೆ ಮತ್ತು ಮೈಸೂರು ವಿಶ್ವವಿದ್ಯಾನಿಲಯಗಳಿಂದಾಗಿ ಅವರ ಹೆಸರು ಮನೆಮಾತಾಗಿದೆ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಅಡಿಗಲ್ಲನ್ನಿಟ್ಟವರೂ ಅವರೇ.

ಜೀವನ

ತಂದೆ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಿಧನರಾದಾಗ ಕೃಷ್ಣರಾಜರು ಹತ್ತು ವರ್ಷದ ಬಾಲಕ. ಮರುವರ್ಷ ಪಟ್ಟಾಭಿಷೇಕವಾಯಿತು. ಅವರು ಪ್ರಾಪ್ತವಯಸ್ಕರಾಗುವವರೆಗೆ ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ಆಡಳಿತ ನೋಡಿಕೊಂಡರು. 1902ರ ಆಗಸ್ಟ್ 8ರಂದು ವೈಸ್‌ರಾಯ್ ಕರ್ಜನ್ ಅವರ ಸಮ್ಮುಖದಲ್ಲಿ ಪೂರ್ಣಾಧಿಕಾರ ಅರಸರ ಕೈಸೇರಿತು. ಅಂದು ಕ್ಲೋಸ್‌ಪೇಟೆ ಎನಿಸಿದ್ದ ಈಗಿನ ರಾಮನಗರ, ಅದರ ನೆರೆಯ ಕೂಟಗಲ್, ಚನ್ನಪಟ್ಟಣ, ಮಾಗಡಿ ಸೀಮೆಗಳು ಇವರ ಆಳ್ವಿಕೆಗೆ ಒಳಪಟ್ಟಿದ್ದವು.

ಅರಸರು ಆಚಾರನಿಷ್ಠರು. ಚಾಮುಂಡೇಶ್ವರಿಯ ಸೇವೆ, ದಸರಾ ವಿಧಿಗಳು, ತೀರ್ಥಯಾತ್ರೆಗಳಲ್ಲಿ ಅವರಿಗೆ ಗಾಢವಾದ ಶ್ರದ್ಧೆಯಿತ್ತು. 1931ರಲ್ಲಿ ಕೈಲಾಸ–ಮಾನಸ ಸರೋವರದ ಕಠಿಣ ಯಾತ್ರೆಯನ್ನೂ ಕೈಗೊಂಡರು. ಇದಾಗಿ ಎರಡೇ ವರ್ಷಗಳಲ್ಲಿ ಕಥೋಲಿಕ ದೇವಾಲಯವೊಂದರ ಶಂಕುಸ್ಥಾಪನೆಯನ್ನು ನೆರವೇರಿಸಿದರು.

ಪ್ರಧಾನಾಲಯದ ಹಿನ್ನೆಲೆ

ಇದೇ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಚಿಕ್ಕ ಚರ್ಚೊಂದು ನಿರ್ಮಾಣವಾಗಿತ್ತು. ಆದ್ದರಿಂದ ನಾಲ್ವಡಿಯವರು ಹೊಸ ಸಂಪ್ರದಾಯವನ್ನೇನೂ ಆರಂಭಿಸಲಿಲ್ಲ. ಮನೆತನದ ನಡೆಯನ್ನು ದೊಡ್ಡದಾಗಿ ಮುಂದುವರಿಸಿದರು. ಅರಸರ ಹುಜೂರ್ ಕಾರ್ಯದರ್ಶಿಯಾಗಿದ್ದ ಸರ್ ಟಿ. ತಂಬುಚೆಟ್ಟಿಯವರು ಕಥೋಲಿಕರು. ಅವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದು ಪಾದ್ರಿ ಕೋಶೆಯವರಿಗೆ ಒಪ್ಪಿಸಿದರು. ಅದಕ್ಕೆ ತಕ್ಕ ಆಲಯ ಕಟ್ಟಲು ಪಾದ್ರಿಗಳು ಅರಸರ ನೆರವು ಕೋರಿದರು. 1933ರ ಅಕ್ಟೋಬರ್ 28ರಂದು ಅಡಿಗಲ್ಲು ಬಿದ್ದಿತು. ಈ ಘಟನೆಯನ್ನು ಅರಸರ ಔದಾರ್ಯವೆಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ಆದರೆ ಅಲ್ಪಸಂಖ್ಯಾತರೊಬ್ಬರು ಅರಮನೆಯ ಉನ್ನತ ಹುದ್ದೆಯಲ್ಲಿದ್ದುದೂ ಇದಕ್ಕೆ ಅಷ್ಟೇ ಕಾರಣವೆನ್ನಬೇಕು.

ವಾಸ್ತುಶಿಲ್ಪ

ಫ್ರೆಂಚ್ ವಾಸ್ತುಶಿಲ್ಪಿ ಡಾಲಿ ಎಂಬುವರು ನವ ಗಾಥಿಕ್ ಶೈಲಿಯಲ್ಲಿ ಕಟ್ಟಡದ ವಿನ್ಯಾಸವನ್ನು ರಚಿಸಿದರು. ಜರ್ಮನಿಯ ಕಲೋನ್ ಪ್ರಧಾನಾಲಯವೇ ಇದಕ್ಕೆ ಸ್ಫೂರ್ತಿ. ಈ ಆಯ್ಕೆಯಲ್ಲಿ ಒಂದು ಕುತೂಹಲಕರ ಹೋಲಿಕೆಯಿದೆ. 1248ರಲ್ಲಿ ಆರಂಭವಾದ ಕಲೋನ್ ಪ್ರಧಾನಾಲಯದ ಕೆಲಸ ಹದಿನಾರನೆಯ ಶತಮಾನದಲ್ಲಿ ನಿಂತುಹೋಗಿ ಸುಮಾರು ಮುನ್ನೂರು ವರ್ಷ ಅಪೂರ್ಣವಾಗಿಯೇ ಉಳಿದಿತ್ತು. ಮಾರ್ಟಿನ್ ಲೂಥರನ ಸುಧಾರಣೆಯ ಪರಂಪರೆಗೆ ಸೇರಿದ ಪ್ರಷ್ಯದ ಪ್ರೊಟೆಸ್ಟೆಂಟ್ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಂ 1842ರಲ್ಲಿ ಹೊಸದಾಗಿ ಕಲ್ಲಿಟ್ಟು ಅದನ್ನು ಮತ್ತೆ ಆರಂಭಿಸಿದನು; 1880ರಲ್ಲಿ ಅದು ಮುಗಿಯಿತು. ಹೀಗೆ ಮೂಲ ಮಾದರಿಗೂ ಮೈಸೂರಿನ ಕಟ್ಟಡಕ್ಕೂ ಕಲ್ಲಿಟ್ಟ ದೊರೆಗಳಿಬ್ಬರೂ ಕಥೋಲಿಕರಲ್ಲ.

ಮೈಸೂರಿನ ಪ್ರಧಾನಾಲಯದ ತಳವಿನ್ಯಾಸ ಶಿಲುಬೆಯಾಕಾರದ್ದು. ಉದ್ದನೆಯ ಭಾಗದಲ್ಲಿ ಭಕ್ತರು ಕೂರುತ್ತಾರೆ. ಎರಡು ಪಕ್ಕಗಳು ಶಿಲುಬೆಯ ತೋಳುಗಳಂತೆ ಚಾಚಿವೆ. ಮುಂಭಾಗದ ಅವಳಿ ಗೋಪುರಗಳು ಸುಮಾರು 175 ಅಡಿ ಎತ್ತರವಾಗಿದ್ದು ದೂರದಿಂದಲೇ ಕಾಣುತ್ತವೆ. ಚೂಪು ಕಮಾನುಗಳು ನೋಟವನ್ನು ಮೇಲಕ್ಕೆ ಸೆಳೆಯುತ್ತವೆ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆಗೇರಿಕೆ, ಪುನರುತ್ಥಾನ ಮತ್ತು ಸ್ವರ್ಗಾರೋಹಣಗಳ ಚಿತ್ರಣವಿದೆ. ಒರಗಿದ ಭಂಗಿಯಲ್ಲಿರುವ ಸಂತ ಫಿಲೋಮಿನಾಳ ಪ್ರತಿಮೆ ನೆಲಮಾಳಿಗೆಯಲ್ಲಿದೆ. ಮೇಲಿನ ವೈಭವವನ್ನಷ್ಟೇ ನೋಡಿ ಹೊರಟುಬಿಡುವ ಪ್ರವಾಸಿಗರು ಇದನ್ನು ತಪ್ಪಿಸಿಕೊಳ್ಳುವುದುಂಟು.

ಕೊನೆಯ ವರ್ಷ

1940ರಲ್ಲಿ ಬೆಂಗಳೂರು ಮತ್ತು ಮೈಸೂರು ಪ್ರತ್ಯೇಕ ಧರ್ಮಪ್ರಾಂತ್ಯಗಳಾದವು. ಅದೇ ವರ್ಷದ ಆಗಸ್ಟ್ 3ರಂದು ನಾಲ್ವಡಿಯವರು ಬೆಂಗಳೂರಿನ ಅರಮನೆಯಲ್ಲಿ ನಿಧನರಾದರು. ಮಕ್ಕಳಿಲ್ಲದ ಕಾರಣ ತಮ್ಮನ ಮಗ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು.