ಹಿಮದ ನಾಡಿನಲ್ಲಿ ಶಿಷ್ಯನಾದ ಕ್ಯಾಪ್ಟನ್

ದಕ್ಷಿಣ ಧ್ರುವವನ್ನು ಮೊದಲು ತಲುಪಿದವರು ಯಾರು? ಕ್ವಿಜ್‌ನಲ್ಲಿ ಕೇಳಿದರೆ ನಾವೆಲ್ಲ ರೋಆಲ್ಡ್ ಅಮುಂಡ್ಸೆನ್ ಎಂದು ಹೇಳಿ ಅಂಕ ಪಡೆಯುತ್ತೇವೆ. ಆದರೆ ಅಲ್ಲಿಗೆ ಹೋಗಿ ಜೀವಂತವಾಗಿ ಮರಳುವ ವಿದ್ಯೆಯನ್ನು ಅವರು ಯಾರಿಂದ ಕಲಿತರು ಎಂಬುದು ಹೆಚ್ಚು ಮಂದಿಗೆ ಗೊತ್ತಿಲ್ಲ.

ಅಮುಂಡ್ಸೆನ್ 1872ರ ಜುಲೈ 16ರಂದು ನಾರ್ವೆಯಲ್ಲಿ, ಹಡಗು ಮಾಲೀಕರ ಮನೆತನದಲ್ಲಿ ಹುಟ್ಟಿದರು. ಮಗ ಡಾಕ್ಟರ್ ಆಗಬೇಕೆಂಬುದು ತಾಯಿಯ ಆಸೆ. ಮಗನಿಗೆ ಮಾತ್ರ ಧ್ರುವ ಪ್ರದೇಶದ ಹುಚ್ಚು. ಮೈ ಚಳಿಗೆ ಒಗ್ಗಲೆಂದು ಚಳಿಗಾಲದಲ್ಲೂ ಕಿಟಕಿ ತೆರೆದು ಮಲಗುತ್ತಿದ್ದರು. 1893ರಲ್ಲಿ ತಾಯಿ ತೀರಿಕೊಂಡ ಮೇಲೆ ವೈದ್ಯಕೀಯ ಓದನ್ನು ಬಿಟ್ಟರು.

ಧೈರ್ಯವೊಂದೇ ಸಾಲದು ಎಂಬುದು 1896ರಲ್ಲಿ ತಿಳಿಯಿತು. ಅಣ್ಣ ಲಿಯೋನ್ ಜೊತೆ ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯನ್ನು ಚಳಿಗಾಲದಲ್ಲಿ ದಾಟಲು ಹೋಗಿ ದಾರಿ ತಪ್ಪಿದರು. ಊಟವೂ ಇರಲಿಲ್ಲ. ಒಂದು ರಾತ್ರಿ ಹಿಮ ಅಗೆದು ಅದರೊಳಗೆ ಮಲಗಿದರು. ಎಚ್ಚರವಾದಾಗ ಸುತ್ತಲಿನ ಹಿಮ ಕಲ್ಲಿನಂತೆ ಗಟ್ಟಿಯಾಗಿತ್ತು, ಕೈಕಾಲು ಆಡಿಸಲು ಆಗಲಿಲ್ಲ. ಅಣ್ಣ ಅಗೆದು ಹೊರತೆಗೆದಿದ್ದರಿಂದ ಜೀವ ಉಳಿಯಿತು.

ಮುಂದೆ ಬೆಲ್ಜಿಕಾ ಎಂಬ ಹಡಗಿನಲ್ಲಿ ಅಂಟಾರ್ಕ್ಟಿಕಕ್ಕೆ ಹೋದರು. 1898ರಲ್ಲಿ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಡಬ್ಬಿ ಆಹಾರ ತಿಂದವರಿಗೆ ಸ್ಕರ್ವಿ ರೋಗ ಬಂತು. ಡಾಕ್ಟರ್ ಫ್ರೆಡರಿಕ್ ಕುಕ್ ಸೀಲ್ ಮತ್ತು ಪೆಂಗ್ವಿನ್‌ಗಳ ತಾಜಾ ಮಾಂಸ ತಿನ್ನಿಸಿ ಅವರನ್ನು ಬದುಕಿಸಿದರು. ಇದನ್ನು ಅಮುಂಡ್ಸೆನ್ ಎಂದೂ ಮರೆಯಲಿಲ್ಲ.

ದೊಡ್ಡ ಪಾಠ ಸಿಕ್ಕಿದ್ದು ಆಮೇಲೆ. 1903ರಲ್ಲಿ, ಸಾಲ ಕೊಟ್ಟವರು ಬಂದು ತಡೆಯುವ ಮೊದಲೇ, ಆರು ಜನರೊಂದಿಗೆ ಯೋವಾ ಎಂಬ ಚಿಕ್ಕ ಹಡಗಿನಲ್ಲಿ ರಾತ್ರೋರಾತ್ರಿ ಹೊರಟರು. ಕೆನಡಾದ ಉತ್ತರದಲ್ಲಿರುವ ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲ ಕಳೆದರು. 1845ರಲ್ಲಿ ಬ್ರಿಟನ್ನಿನಿಂದ ಹೊರಟಿದ್ದ ಜಾನ್ ಫ್ರಾಂಕ್ಲಿನ್ ತಂಡದ 129 ಮಂದಿಯಲ್ಲಿ ಒಬ್ಬರೂ ಮರಳಿರಲಿಲ್ಲ. ಅವರಲ್ಲಿ ಅನೇಕರು ಸತ್ತದ್ದು ಆ ಭಾಗದಲ್ಲೇ. ಆದರೆ ಅದೇ ನೆಲದಲ್ಲಿ ನೆಟ್ಸಿಲಿಕ್ ಎಂಬ ಇನ್ಯೂಟ್ ಜನ ಮಕ್ಕಳು ಮರಿಗಳೊಂದಿಗೆ ಬದುಕುತ್ತಿದ್ದರು!

ಆ ಕಾಲದ ಯುರೋಪಿನ ಅನೇಕರು ಇಂಥವರನ್ನು ಕೀಳಾಗಿ ಕಾಣುತ್ತಿದ್ದರು. ಅಮುಂಡ್ಸೆನ್ ಅವರ ಮುಂದೆ ಶಿಷ್ಯರಾಗಿ ನಿಂತರು. ಹಿಮದ ಇಟ್ಟಿಗೆ ಕೊಯ್ದು ಇಗ್ಲೂ ಕಟ್ಟುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದರು. ನಾಯಿಗಳ ಗಾಡಿ ಓಡಿಸುವುದನ್ನು ನೋಡಿ ಕಲಿತರು. ಉಣ್ಣೆ ಬಟ್ಟೆ ಬಿಟ್ಟು ಹಿಮಸಾರಂಗದ ಚರ್ಮದ ಸಡಿಲ ಉಡುಪು ಹಾಕಿದರು. ಬಟ್ಟೆ ಸಡಿಲವಿದ್ದರೆ ಒಳಗೆ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಚಳಿಯಲ್ಲಿ ಬೆವರಿ ಒದ್ದೆಯಾದವನಿಗೆ ಅದೇ ಬೆವರು ಶತ್ರು. ನಮ್ಮ ಮನೆಗಳಲ್ಲಿ ವಿದ್ಯೆ ಕಲಿಸಿದವರನ್ನು ಉಸ್ತಾದ್ ಎನ್ನುತ್ತೇವೆ. ಅಮುಂಡ್ಸೆನ್‌ಗೆ ಆ ಬೇಟೆಗಾರರೇ ಉಸ್ತಾದರು.

ದಕ್ಷಿಣ ಧ್ರುವದ ಯಾತ್ರೆಯಲ್ಲಿ ಈ ಪಾಠಗಳೆಲ್ಲ ಕೆಲಸಕ್ಕೆ ಬಂದವು. ವ್ಯಾಪಾರಿ ಸ್ಟಾಕ್ ಇಡುವಂತೆ ದಾರಿಯಲ್ಲಿ ಮೊದಲೇ ಆಹಾರ ಕೂಡಿಟ್ಟರು. ಮಂಜಿನಲ್ಲಿ ಆ ಜಾಗ ತಪ್ಪಬಾರದೆಂದು ದಾರಿಗೆ ಅಡ್ಡಲಾಗಿ ಉದ್ದಕ್ಕೆ ಬಾವುಟಗಳ ಸಾಲು ನೆಟ್ಟರು. 1911ರ ಸೆಪ್ಟೆಂಬರ್‌ನಲ್ಲಿ ಹೊರಟು, ಚಳಿ ವಿಪರೀತವಾದಾಗ ಹಿಂದಕ್ಕೆ ಬಂದರು. ಅಕ್ಟೋಬರ್‌ನಲ್ಲಿ ಐವರು 52 ನಾಯಿಗಳೊಂದಿಗೆ ಮತ್ತೆ ಹೊರಟು ಡಿಸೆಂಬರ್ 14ರಂದು ಧ್ರುವ ತಲುಪಿದರು. ಐವರೂ ಮರಳಿದರು. ನಾಯಿಗಳಲ್ಲಿ ಉಳಿದದ್ದು 11 ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವನ್ನು ಆಹಾರಕ್ಕಾಗಿ ಕೊಂದಿದ್ದರು. ಓದಲು ಕಷ್ಟವಾದರೂ ಇದು ಸತ್ಯ.

ಬ್ರಿಟನ್ನಿನ ಸ್ಕಾಟ್ ತಂಡ 1912ರ ಜನವರಿ 17ರಂದು ಧ್ರುವ ತಲುಪಿತು. ಧೈರ್ಯದಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಆದರೂ ಮರಳುವಾಗ ಐವರೂ ಸತ್ತರು. ಕೊನೆಯ ಮೂವರ ಡೇರೆಯಿಂದ ಆಹಾರದ ದಾಸ್ತಾನು ಸುಮಾರು 20 ಕಿಲೋಮೀಟರ್ ದೂರದಲ್ಲಿತ್ತು.

1928ರಲ್ಲಿ ನೊಬಿಲೆ ಎಂಬುವರ ವಾಯುನೌಕೆ ಉತ್ತರದ ಮಂಜಿನಲ್ಲಿ ಅಪಘಾತಕ್ಕೀಡಾಯಿತು. ಅವರೊಂದಿಗೆ ಮನಸ್ತಾಪವಿದ್ದರೂ ಅಮುಂಡ್ಸೆನ್ ಹುಡುಕಲು ವಿಮಾನ ಹತ್ತಿದರು. ಜೂನ್ 18ರಂದು ಆ ವಿಮಾನವೇ ಕಾಣೆಯಾಯಿತು. ನೊಬಿಲೆ ಬದುಕಿದರು, ಅಮುಂಡ್ಸೆನ್ ಮರಳಲಿಲ್ಲ.

ಸ್ನೇಹಿತರೇ, ಚಾರಣಕ್ಕೋ ಕ್ಯಾಂಪಿಗೋ ಕಾಡಿಗೆ ಹೋಗುವಾಗ ಬ್ಯಾಗ್ ತುಂಬಿಕೊಂಡರೆ ಸಾಲದು. ನೀರು ಎಲ್ಲಿದೆ, ಯಾವ ದಾರಿ ಬೇಡ, ಯಾವಾಗ ಹಿಂತಿರುಗಬೇಕು ಎಂದು ಅಲ್ಲಿಯ ಜನರನ್ನು ಕೇಳೋಣ. ಹೆಸರಾಂತ ಕ್ಯಾಪ್ಟನ್ನೇ ಕೇಳಿ ಕಲಿತರು, ನಮಗೇಕೆ ನಾಚಿಕೆ?