ಎರಡು ಧ್ವಜಾರೋಹಣಗಳ ನಾಡು, ಒಬ್ಬ ಸನ್ಯಾಸಿ

ಯಾದಗಿರಿ ಜಿಲ್ಲೆಯ ಕೊಂಕಲ್ ಗ್ರಾಮದಲ್ಲಿ ಸ್ವಾತಂತ್ರ್ಯದ ಹೆಸರಿನಲ್ಲಿ ವರ್ಷಕ್ಕೆ ಎರಡು ಬಾರಿ ಧ್ವಜ ಏರುತ್ತದೆ: ಆಗಸ್ಟ್ 15ರಂದು ಒಮ್ಮೆ, ಸೆಪ್ಟೆಂಬರ್ 17ರಂದು ಮತ್ತೊಮ್ಮೆ. ಈ ಎರಡನೆಯ ಸ್ವಾತಂತ್ರ್ಯವನ್ನು ತಂದವರಾರೆಂದು ಅಲ್ಲಿನ ಬಾಲಕನೊಬ್ಬನನ್ನು ಕೇಳಿದೆ. ಸರ್ದಾರ್ ಪಟೇಲರು ಮತ್ತು ಸೇನೆ ಎಂದು ಥಟ್ಟನೆ ಹೇಳಿದ. ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಉಳಿದರ್ಧದಲ್ಲಿ ಸ್ವಾಮಿ ರಾಮಾನಂದ ತೀರ್ಥರಿದ್ದಾರೆ.

1903ರಲ್ಲಿ ಸಿಂದಗಿ ಸೀಮೆಯಲ್ಲಿ ಜನಿಸಿದ ವೆಂಕಟರಾವ್ ಖೇಡಗಿಕರ್ ಮೊದಲು ಎನ್.ಎಂ. ಜೋಶಿಯವರೊಡನೆ ಕಾರ್ಮಿಕ ಚಳವಳಿಯಲ್ಲಿ ದುಡಿದರು. ಬಳಿಕ ನಿಜಾಮ್ ಸೀಮೆಯ ಹಿಪ್ಪರಗಾದಲ್ಲಿ ಶಿಕ್ಷಕರಾದರು. 1932ರಲ್ಲಿ ಸನ್ಯಾಸ ಸ್ವೀಕರಿಸಿದರು. ಕಾವಿ ತೊಟ್ಟವರು ಸಾಮಾನ್ಯವಾಗಿ ಲೋಕದಿಂದ ದೂರ ಸರಿಯುತ್ತಾರೆ. ಇವರು ಲೋಕದ ನಡುವಿಗೇ ಬಂದರು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ವಿಧಿವತ್ತಾಗಿ ಹುಟ್ಟುವ ಮೊದಲೇ ಅದರ ಮೇಲೆ ನಿಷೇಧ ಬಿತ್ತು. ಅಕ್ಟೋಬರ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸ್ವಾಮೀಜಿ ಸೆರೆಮನೆ ಸೇರಿದರು. ಅದೇ ಹೊತ್ತಿಗೆ ಆರ್ಯಸಮಾಜ, ಹಿಂದೂ ಮಹಾಸಭಾಗಳ ಚಳವಳಿಯೂ ನಡೆಯುತ್ತಿತ್ತು. ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಧರ್ಮದ ಬಣ್ಣ ಅಂಟಬಾರದೆಂದು ಗಾಂಧೀಜಿಯ ಸಲಹೆಯಂತೆ ಡಿಸೆಂಬರ್‌ನಲ್ಲಿ ಸತ್ಯಾಗ್ರಹವನ್ನು ನಿಲ್ಲಿಸಲಾಯಿತು. ಚಳವಳಿಯನ್ನು ಹೂಡುವುದಕ್ಕಿಂತ ಹಿಂತೆಗೆದುಕೊಳ್ಳುವುದಕ್ಕೆ ಹೆಚ್ಚಿನ ಧೈರ್ಯ ಬೇಕೆಂಬುದನ್ನು ನಾನು ಕಲಿತದ್ದು ಈ ಪ್ರಸಂಗದಿಂದ.

ನಿಷೇಧ ತೆರವಾದದ್ದು 1946ರಲ್ಲಿ. ಮರುವರ್ಷ ಆಗಸ್ಟ್ 7ರಂದು ಭಾರತ ಒಕ್ಕೂಟಕ್ಕೆ ಸೇರುವಂತೆ ಒತ್ತಾಯಿಸುವ ದಿನಾಚರಣೆ ನಡೆಯಿತು. ದೇಶ ಸ್ವತಂತ್ರವಾದ ಆಗಸ್ಟ್ 15ರಂದೇ ಸ್ವಾಮೀಜಿಯ ಬಂಧನವಾಯಿತು. ಮುಂದೆ ರಜಾಕಾರರ ಹಾವಳಿ, ಗಡಿ ಶಿಬಿರಗಳ ಹೋರಾಟ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಸೇನಾ ಕಾರ್ಯಾಚರಣೆ. ಸೇನೆ ಐದೇ ದಿನಗಳಲ್ಲಿ ಗೆದ್ದಿತು ನಿಜ. ಆದರೆ ಆ ಗೆಲುವಿಗೆ ಜನರ ಸಮ್ಮತಿಯ ನೆಲವನ್ನು ಹದಗೊಳಿಸಿದ್ದು ದಶಕದ ಸತ್ಯಾಗ್ರಹ.

ಈ ಕಥೆಗೆ ಕರಾಳ ಪುಟವೂ ಇದೆ. ಕಾರ್ಯಾಚರಣೆಯ ಬೆನ್ನಿಗೇ ಸಾವಿರಾರು ನಿರಪರಾಧಿ ಮುಸ್ಲಿಮರು ಹತರಾದರು. ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27ರಿಂದ 40 ಸಾವಿರವೆಂದು ಅಂದಾಜಿಸಿತು. 1938ರಲ್ಲಿ ಚಳವಳಿಯನ್ನು ತಡೆದು ನಿಲ್ಲಿಸಿದ ಆ ಎಚ್ಚರ 1948ರ ಬೀದಿಗಳಲ್ಲಿ ಉಳಿಯಲಿಲ್ಲ. ವಿಮೋಚನೆಯನ್ನು ಸ್ಮರಿಸುವವರು ಇದನ್ನು ಮರೆಯುವುದು ಆ ಸನ್ಯಾಸಿಗೂ ಅನ್ಯಾಯ.

1952ರಲ್ಲಿ ಗುಲ್ಬರ್ಗದಿಂದ ಲೋಕಸಭೆಗೆ ಆಯ್ಕೆಯಾದ ಸ್ವಾಮೀಜಿ, ತಾವು ಬಿಡಿಸಿದ ಹೈದರಾಬಾದ್ ರಾಜ್ಯವನ್ನೇ ಭಾಷಾವಾರು ವಿಂಗಡಿಸಬೇಕೆಂದು ವಾದಿಸಿದರು. ನೆಹರೂ ಅವರಿಗೆ ಅದು ರುಚಿಸಿರಲಿಲ್ಲ. ರಾಜ್ಯ ಹರಿದುಹಂಚಿದರೆ ತಮ್ಮ ನಾಯಕತ್ವದ ನೆಲೆಯೂ ಚದುರುವುದೆಂಬುದು ಸ್ವಾಮೀಜಿಗೆ ತಿಳಿಯದ್ದೇನಲ್ಲ. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಕನ್ನಡನಾಡಿಗೆ ಸೇರಿದವು. ಕೊಂಕಲ್‌ನ ಮಗು ಇಂದು ಕನ್ನಡದಲ್ಲಿ ಪಾಠ ಕಲಿಯುತ್ತಿರುವುದರ ಹಿಂದೆ ಈ ತ್ಯಾಗವೂ ಇದೆ.

1972ರಲ್ಲಿ ಅವರು ತೀರಿಕೊಂಡರು. ನಾಂದೇಡದ ವಿಶ್ವವಿದ್ಯಾಲಯ ಅವರ ಹೆಸರನ್ನು ಹೊತ್ತಿದೆ. 2013ರಲ್ಲಿ ಜಾರಿಗೆ ಬಂದ 371 ಜೆ ವಿಧಿ, 2019ರಲ್ಲಿ ಬಂದ ಕಲ್ಯಾಣ ಕರ್ನಾಟಕವೆಂಬ ಹೆಸರು ಇವೆಲ್ಲ ಆ ಹೋರಾಟದ ಮುಂದುವರಿಕೆಯೇ. ಆದರೂ ಹೆಸರು ಬದಲಾದಷ್ಟು ಬೇಗ ಬದುಕು ಬದಲಾಗುವುದಿಲ್ಲ. ಮುಂದಿನ ಸೆಪ್ಟೆಂಬರ್ 17ರಂದು ಧ್ವಜ ಏರುವಾಗ ಉತ್ತರದ ಉಳಿದರ್ಧವನ್ನೂ ಮಕ್ಕಳಿಗೆ ಹೇಳೋಣ.