ಕಷ್ಟಕಾಲದ ಕುರುಬ ಅಬ್ಬೆ ದುಬಾಯ್



ಕ್ರಿಸ್ತ ಜಯಂತಿಗೆ ಗೋದಲಿ ಕಟ್ಟಿ ನಕ್ಷತ್ರ ತೂಗಿಸುವ ನಾವು, ಆ ಮೊದಲ ಇರುಳು ನೆಮ್ಮದಿಯದಾಗಿರಲಿಲ್ಲವೆಂಬುದನ್ನು ಮರೆಯುತ್ತೇವೆ. ಛತ್ರದಲ್ಲಿ ಇಂಬಿರಲಿಲ್ಲ, ಹಿಂದೆಯೇ ಹೆರೋದನ ಖಡ್ಗವಿತ್ತು. ಅಂಥದೇ ಕಷ್ಟಕಾಲದಲ್ಲಿ ಮೈಸೂರು ಸೀಮೆಯ ಕ್ರೈಸ್ತರೊಡನೆ ಬಾಳಿದ ಗುರು ಅಬ್ಬೆ ದುಬಾಯ್ ಅವರನ್ನು ಈ ವಾರ ಸ್ಮರಿಸೋಣ.

ಆ ಕಾಲದ ಯುದ್ಧಗಳ ಬಿಸಿ ನಮ್ಮ ಊರುಗಳಿಗೂ ತಟ್ಟಿತ್ತು. 1791ರ ಡಿಸೆಂಬರ್ 21ರಂದು, ಕ್ರಿಸ್ತ ಜಯಂತಿಗೆ ನಾಲ್ಕೇ ದಿನ ಮುಂಚೆ, ಮಾಗಡಿ ಬಳಿಯ ಸಾವನದುರ್ಗ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಅಂದು ಕಾನಕಾನಹಳ್ಳಿ ಎನಿಸಿದ್ದ ಕನಕಪುರವನ್ನು, ಶತ್ರುಗಳ ದಂಡಿಗೆ ಆಸರೆಯಾಗದಿರಲೆಂದು ಟಿಪ್ಪುವೇ ಎರಡು ಬಾರಿ ಕೆಡವಿಸಿದನು.

ಫ್ರಾನ್ಸ್ ದೇಶದ ಝಾನ್ ಆಂತ್ವಾನ್ ದುಬಾಯ್ ಗುರುದೀಕ್ಷೆ ಪಡೆದದ್ದು 1792ರಲ್ಲಿ. ಅದೇ ವರ್ಷ, ಕ್ರಾಂತಿಯಿಂದ ತತ್ತರಿಸುತ್ತಿದ್ದ ತಾಯ್ನಾಡನ್ನು ಬಿಟ್ಟು ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿಹೋಗಿದ್ದ ಮಂದೆಯನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿನ ಉಡುಪು ತೊಟ್ಟು, ಇಲ್ಲಿನ ನಡೆನುಡಿ ಅನುಸರಿಸಿ, ಜನರೊಳಗೊಬ್ಬರಾದರು. ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಸಿಡುಬಿಗೆ ದೇವಿ ಹಾಕಿಸಿಕೊಳ್ಳಲು ಜನ ಬೆದರುತ್ತಿದ್ದಾಗ ಅವರ ಮನವೊಲಿಸಿದರು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ದೇವಿ ಹಾಕಲಾಯಿತು.

ಇಷ್ಟಾದರೂ ಅವರ ಮನಸ್ಸು ಹಗುರಾಗಲಿಲ್ಲ. ಸುಮಾರು 30 ವರ್ಷಗಳ ಸೇವೆಯ ಬಳಿಕ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ನೆಲದಲ್ಲಿ ಧರ್ಮಪ್ರಚಾರ ಫಲಿಸುವ ಸಂಭವವಿಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಹಾಗಾದರೆ ಅವರಲ್ಲಿ ಭರವಸೆ ಬತ್ತಿತ್ತೇ? ವಿಚಾರ ಮಾಡಿದರೆ, ನಿರೀಕ್ಷೆ ಬೇರೆ, ಭರವಸೆ ಬೇರೆ. ನಿರೀಕ್ಷೆಯು ಕಂಡದ್ದನ್ನು ಕೂಡಿಸಿ ಕಳೆದು ಲೆಕ್ಕ ಹಾಕುತ್ತದೆ; ಲೆಕ್ಕ ತಪ್ಪಿದರೆ ಕೈಚೆಲ್ಲುತ್ತದೆ. ಭರವಸೆಯು ಫಲವನ್ನು ದೇವರಿಗೆ ಒಪ್ಪಿಸಿ ದುಡಿಯುತ್ತದೆ. ದುಬಾಯ್ ಸ್ವಾಮಿಗಳ ನಿರೀಕ್ಷೆ ಸೋತಿತು. ಆದರೆ ಇಲ್ಲಿದ್ದಷ್ಟು ಕಾಲ ಅವರು ಮಂದೆಯನ್ನು ಕೈಬಿಡಲಿಲ್ಲ. ಅವರು ಯಾವ ಮಂದೆಗಾಗಿ ಚಿಂತಿಸಿದರೋ ಅದು ಅಳಿಯಲಿಲ್ಲ. ಕನಕಪುರದ ಹಾರೋಬೆಲೆಯಂಥ ಊರುಗಳಲ್ಲಿ ಕ್ರಿಸ್ತ ಜಯಂತಿಯ ದೀಪ ಹಚ್ಚುವ ಮನೆಗಳೇ ಇದಕ್ಕೆ ಸಾಕ್ಷಿ.

ಮಳೆ ಕೈಕೊಟ್ಟ, ರೇಷ್ಮೆಗೂಡಿನ ಬೆಲೆ ಕುಸಿದ, ಕಾಯಿಲೆ ಕಾಡಿದ ಮನೆಗಳು ನಮ್ಮ ನಡುವೆ ಇವೆ. ಒಳ್ಳೆಯ ಕಾಲ ಬರಲೆಂದು ಕಾಯದೆ, ಬಲಿಪೂಜೆ ಮುಗಿಸಿ ಅಂಥ ಒಂದು ಮನೆಯ ಬಾಗಿಲು ತಟ್ಟೋಣ. ಬಾಲಯೇಸುವಿನ ಕೃಪೆ ನಮ್ಮೆಲ್ಲರ ಮೇಲಿರಲಿ.